ರಿಯಾಸಿಯ 59 ಲಕ್ಷ ಟನ್: ಲಿಥಿಯಮ್ಮೋ, ಬರೀ ಕಲ್ಲೋ?

ಕುಮಟಾ_ಕಡಲು:
ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಇದೆ ಎಂದು 2023ರ ಫೆಬ್ರುವರಿಯಲ್ಲಿ ಸುದ್ದಿ ಬಂತು. ಚಿಲಿಯಲ್ಲಿ 93 ಲಕ್ಷ ಟನ್. ಹಾಗಾದರೆ ಜಗತ್ತಿನಲ್ಲಿ ನಾವು ಎರಡನೆಯವರು ಎನ್ನುವುದು ಸರಿಯೇ? ಅಲ್ಲಿಯದು ಬಾಕ್ಸೈಟ್, ಅಂದರೆ ಚಿರೆಕಲ್ಲಿನ ಸಂಬಂಧಿಯಾದ ಅಲ್ಯೂಮಿನಿಯಂ ಅದಿರಿನ ಪದರವಂತೆ. ನಮ್ಮ ಕುಮಟಾ, ಭಟ್ಕಳದ ಚಿರೆಕಲ್ಲು ಗುಡ್ಡದಲ್ಲೂ ಇರಬಹುದೇ? ಪರೀಕ್ಷೆ ಹೇಗೆ?

ಘಟ್ಟದ_ಮೇಲೆ:
ಹೋಲಿಕೆಯೇ ತಪ್ಪು ಮಾರಾಯ್ರೆ. ಚಿಲಿಯದು ಲೋಹದ ಲೆಕ್ಕ, ಅದೂ ತೆಗೆದರೆ ಲಾಭ ಎಂದು ಖಾತ್ರಿಯಾದ ಪಾಲು ಮಾತ್ರ. ರಿಯಾಸಿಯ 59 ಲಕ್ಷ ಟನ್ ಬಾಕ್ಸೈಟ್ ಪದರದ ತೂಕ. 2023ರ ನವೆಂಬರ್‌ನಲ್ಲಿ ಹರಾಜಿಗಿಟ್ಟಾಗ ಕೇಂದ್ರ ಗಣಿ ಸಚಿವಾಲಯ ಕೊಟ್ಟ ವಿವರದಲ್ಲೇ ಇದೆ: ಅದರೊಳಗಿನ ಲಿಥಿಯಂ 3,400 ಟನ್‌ಗಿಂತ ಹೆಚ್ಚು, ಟೈಟಾನಿಯಂ 70,000 ಟನ್‌ಗಿಂತ ಹೆಚ್ಚು. ಭಾಗಿಸಿ, ಟನ್ ಕಲ್ಲಿಗೆ 580 ಗ್ರಾಂ ಆಸುಪಾಸು ಬರುತ್ತದೆ. ಗಟ್ಟಿಕಲ್ಲಿನ ಒಳ್ಳೆಯ ಗಣಿಯಲ್ಲಿ ಲಿಥಿಯಂ ಆಕ್ಸೈಡ್ ಶೇ 1ರಿಂದ 2. ಅದನ್ನು 0.4645ರಿಂದ (ಆಕ್ಸೈಡ್ ತೂಕದಲ್ಲಿ ಲಿಥಿಯಂನ ಪಾಲು) ಗುಣಿಸಿದರೆ ಟನ್‌ಗೆ 4.6ರಿಂದ 9.3 ಕೆಜಿ ಲಿಥಿಯಂ.

ಕಾರಿನ ಒಂದು ಬ್ಯಾಟರಿಗೆ 6 ಕೆಜಿ ಹಿಡಿದರೆ, ಗ್ರಾಂ ಕೂಡ ಪೋಲಾಗದಿದ್ದರೂ ಐದೂವರೆ ಲಕ್ಷ ಕಾರು, ಅಷ್ಟೇ. ಮೇಲಾಗಿ ಇದು ಜಿ3, ಅಂದರೆ ಪ್ರಾಥಮಿಕ ಶೋಧನೆಯ ಹಂತದ ಅಂದಾಜು. ಮುಂದಿನ ಜಿ2, ಜಿ1 ಹಂತಗಳಿಗೆ ಇನ್ನೂ ಒತ್ತಾಗಿ ಕೊರೆಯಬೇಕು, ಆಗ ಅಂಕಿ ಏರಲೂಬಹುದು, ಇಳಿಯಲೂಬಹುದು. ಮೂರು ಅರ್ಹ ಬಿಡ್‌ದಾರರೂ ಸಿಗದೆ ಮೊದಲ ಹರಾಜು 2024ರ ಮಾರ್ಚ್‌ನಲ್ಲಿ ರದ್ದಾಯಿತು.

ಕಾರವಾರ_ಕೆಮಿಸ್ಟ್:
ಬಿಡ್ ಬಾರದ್ದಕ್ಕೆ ತಾಂತ್ರಿಕ ಕಾರಣವೂ ಇದೆ. ಗಟ್ಟಿಕಲ್ಲಿನ ಲಿಥಿಯಂ ಖನಿಜವಾದ ಸ್ಪೊಡುಮೀನ್ ಆದರೆ ದಾರಿ ಗೊತ್ತಿದೆ: ಪುಡಿ ಮಾಡಿ, ನೊರೆಯಲ್ಲಿ ತೇಲಿಸಿ ಖನಿಜ ಬೇರ್ಪಡಿಸಿ, ಸುಮಾರು 1,050 ಡಿಗ್ರಿಗೆ ಕಾಯಿಸಿ, ಗಂಧಕಾಮ್ಲ ಬೆರೆಸಿ 250 ಡಿಗ್ರಿಯಲ್ಲಿ ಹುರಿದು, ನೀರಿನಲ್ಲಿ ಕರಗಿಸುವುದು. ರಿಯಾಸಿಯ ಜೇಡಿಯಂಥ ಅದಿರಿಗೆ ನೇರ ಆಮ್ಲ ಹಾಕಿದರೆ ಲಿಥಿಯಂ ಜೊತೆ ಅಲ್ಯೂಮಿನಿಯಂ, ಕಬ್ಬಿಣವೂ ಕರಗುತ್ತವೆ. ಆಮ್ಲವೆಲ್ಲ ಅವಕ್ಕೇ ಖರ್ಚು, ಆಮೇಲೆ ಬೇರ್ಪಡಿಸುವ ಖರ್ಚು ಬೇರೆ. ಜಗತ್ತಿನ ಮಟ್ಟದಲ್ಲೂ ಗಂಟು ಇಲ್ಲೇ: ಅದಿರಿನಲ್ಲಿ ಆಸ್ಟ್ರೇಲಿಯಾ ಮುಂದಿದ್ದರೂ ಶುದ್ಧೀಕರಣದ ದೊಡ್ಡ ಪಾಲು ಚೀನಾದ ಕೈಯಲ್ಲಿದೆ.

ಘಟ್ಟದ_ಮೇಲೆ:
ಚಿರೆಕಲ್ಲಿನ ಪ್ರಶ್ನೆಗೆ: ನನಗೆ ಆಸೆ ಕಡಿಮೆ. ವರ್ಷಕ್ಕೆ 3,000 ಮಿಮೀ ದಾಟುವ ಮಳೆಯಲ್ಲಿ ಲಿಥಿಯಂನಂಥ ಸುಲಭವಾಗಿ ಕರಗುವ ಧಾತು ತೊಳೆದು ಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಉಳಿದದ್ದೇ ಚಿರೆಕಲ್ಲು. ಕರ್ನಾಟಕದಲ್ಲಿ ಸಿಕ್ಕಿದ್ದು ಮಂಡ್ಯದ ಮಾರ್ಲಗಲ್ಲದಲ್ಲಿ, ಅಂದಾಜು 1,600 ಟನ್. ಅದು ಪೆಗ್ಮಟೈಟ್, ಅಂದರೆ ಶಿಲಾರಸ ತಣಿದು ಆದ ದೊಡ್ಡ ಹರಳಿನ ಗಟ್ಟಿಕಲ್ಲು, ಚಿರೆಕಲ್ಲಲ್ಲ.

ಪರೀಕ್ಷೆ ಮಾಡಿಸುವುದೇ ಆದರೆ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇ ಬಿಟ್ಟು ಧಾತು ಗುರುತಿಸುವ ಉಪಕರಣ) ನಂಬಬೇಡಿ. ಲಿಥಿಯಂ ತೀರಾ ಹಗುರ ಧಾತು, ಅದಕ್ಕೆ ಕಾಣುವುದೇ ಇಲ್ಲ. ಮೇಲ್ಮಣ್ಣು ಕೆರೆದು ಹೊಸದಾಗಿ ಒಡೆದ ಕಲ್ಲು 2 ಕೆಜಿ ತೆಗೆದು, ಜಾಗ ಮತ್ತು ಆಳ ಬರೆದು ಲ್ಯಾಬಿಗೆ ಕೊಡಿ. ಸೋಡಿಯಂ ಪೆರಾಕ್ಸೈಡ್ ಫ್ಯೂಷನ್ (ಆ ರಾಸಾಯನಿಕದೊಂದಿಗೆ ಕಾಯಿಸಿ ಕಲ್ಲನ್ನು ಪೂರ್ತಿ ಕರಗಿಸುವುದು), ನಂತರ ಐಸಿಪಿ (ದ್ರಾವಣದಲ್ಲಿನ ಧಾತು ಅಳೆಯುವ ಯಂತ್ರ) ಎಂದು ಸ್ಪಷ್ಟವಾಗಿ ಕೇಳಿ. ಅದರ ಬದಲು ಸೌಮ್ಯ ಆಮ್ಲದಲ್ಲಿ ಕರಗಿಸಿದರೆ ಗಟ್ಟಿ ಖನಿಜ ಪೂರ್ತಿ ಕರಗದೆ ಅಂಕಿ ಕಡಿಮೆ ಬರುತ್ತದೆ.