ಡಿಸೆಂಬರ್‌ನಲ್ಲಿ ಕಾಡಿನೊಳಗೆ ಟೆಂಟ್ ಹಾಕಿ ಮಲಗಬೇಕು: ಕುಮಾರ ಪರ್ವತವಾ, ಕುದುರೆಮುಖವಾ, ಬೇರೆ ಏನಾದರೂ ಇದೆಯಾ?

ಕಾಡುಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಮೂರು ದಿನ ರಜೆ ಇದೆ. ನಾನು, ನಮ್ಮ ಯಜಮಾನರು, ನನ್ನ ತಮ್ಮ, ಜೊತೆಗೆ 14 ವರ್ಷದ ಮಗ. ಬೆಂಗಳೂರಿನಿಂದ ಹೊರಡುತ್ತೇವೆ, ಸ್ವಂತ ಕಾರಿಲ್ಲ, ಬಸ್ಸೇ ಗತಿ. ಸಾವನದುರ್ಗ, ಸ್ಕಂದಗಿರಿ ಥರದ ಬೆಟ್ಟಗಳನ್ನೆಲ್ಲ ಹತ್ತಿ ಆಯ್ತು. ಈಗ ಬಂಡೆ ಸಾಕು, ಕಾಡು ಬೇಕು ಅನ್ನಿಸುತ್ತಿದೆ. ಬೆನ್ನಿಗೆ ಚೀಲ ಹಾಕಿಕೊಂಡು ನಡೆದು ಹೋಗಿ, ಕಾಡಿನಲ್ಲೇ ಟೆಂಟ್ ಹಾಕಿ ಮಲಗಿ, ಬೆಳಿಗ್ಗೆ ಎದ್ದು ತುದಿ ಮುಟ್ಟಿ ಇಳಿಯಬೇಕು ಅನ್ನೋದು ಆಸೆ. ತಮ್ಮ ಆಗಲೇ ಟೆಂಟ್ ಕೊಂಡಿಟ್ಟಿದ್ದಾನೆ. ಮಗನಂತೂ ಟೆಂಟ್ ಇಲ್ಲ ಅಂದರೆ ಬರುವುದೇ ಇಲ್ಲ ಅಂತ ಕೂತಿದ್ದಾನೆ.

ಹುಡುಕಿದರೆ ಕುಮಾರ ಪರ್ವತ, ಕುದುರೆಮುಖ, ನೇತ್ರಾವತಿ ಶಿಖರ, ತಡಿಯಂಡಮೋಳ್ ಅಂತ ಅವವೇ ಹೆಸರು ಬರುತ್ತವೆ. ಒಂದು ವಿಡಿಯೋದಲ್ಲಿ ತುದಿಯಲ್ಲೇ ಟೆಂಟ್ ಹಾಕಿ ಅಡುಗೆ ಮಾಡ್ತಿದ್ದಾರೆ, ಇನ್ನೊಂದರಲ್ಲಿ ಹಾಗೆ ಮಾಡಿದರೆ ಕೇಸ್ ಹಾಕ್ತಾರೆ ಅಂತಿದ್ದಾರೆ. ಯಾವುದನ್ನು ನಂಬುವುದು? ಹೋಗಿ ಬಂದವರು ದಯವಿಟ್ಟು ಹೇಳಿ.

ಘಟ್ಟದ ಹಾದಿ:

ಮೇಡಂ, ನೀವು ಹೇಳಿದ ಯಾವ ಜಾಗದಲ್ಲೂ ಕಾಡಿನೊಳಗೆ ಟೆಂಟ್ ಹಾಕುವ ಹಾಗಿಲ್ಲ. ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿದೆ, ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ ಅನುಮತಿ ಇಲ್ಲದೆ ಕಾಲಿಡುವುದೇ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಇನ್ನು ರಾತ್ರಿ ಮಲಗುವುದು ಎಲ್ಲಿಂದ ಬಂತು. ನೀವು ನೋಡಿದ ಟೆಂಟ್ ವಿಡಿಯೋ ಯಾವ ವರ್ಷದ್ದು ಅಂತ ಒಮ್ಮೆ ನೋಡಿ. ಹಳೆಯದೇ ಇರುತ್ತದೆ.

ಇಷ್ಟು ಬಿಗಿ ಯಾಕೆ ಅಂದರೆ ಅದಕ್ಕೂ ಕಾರಣ ಇದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಹತ್ತಿರ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಒಣ ಹುಲ್ಲಿಗೆ ಬೆಂಕಿ ಬಿದ್ದು ಗಾಳಿ ಸೇರಿಕೊಂಡರೆ ಓಡಿ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಆಮೇಲೆ 2024ರ ಜನವರಿ 26ರ ರಜೆಗೆ ಕುಮಾರ ಪರ್ವತಕ್ಕೆ ಸಾವಿರಗಟ್ಟಲೆ ಜನ ನುಗ್ಗಿದರು. ಫೋಟೋ ನೀವೂ ನೋಡಿರುತ್ತೀರಿ, ಚೆಕ್‌ಪೋಸ್ಟ್ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಅದಾದ ಮೇಲೆ ಸ್ವಲ್ಪ ದಿನ ಚಾರಣವನ್ನೇ ನಿಲ್ಲಿಸಿ, ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಅಂತ ಆನ್‌ಲೈನ್ ಬುಕಿಂಗ್ ಶುರು ಮಾಡಿತು. ಒಂದು ಹಾದಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದರು. ಡಿಸೆಂಬರ್ ಕೊನೆಯ ವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ, ಬಸ್ ಟಿಕೆಟ್‌ಗೆ ಮೊದಲು ಅದನ್ನು ಮಾಡಿಕೊಳ್ಳಿ.

ನನ್ನ ಕೇಳಿದರೆ ಯಾವ ಶಿಖರ ಅಂತ ಮೊದಲು ಯೋಚಿಸಬೇಡಿ. ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನೋದು ಮೊದಲು ತೀರ್ಮಾನ ಆಗಲಿ. ನಮ್ಮ ಘಟ್ಟದಲ್ಲಿ ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ. ಬೆಟ್ಟದ ಬುಡದ ಮನೆಯಲ್ಲಿ ಉಳಿದು, ಹಗಲು ಹತ್ತಿ ಇಳಿಯುವುದೇ ಈಗಿರುವ ದಾರಿ.

ಹಾಗೆ ನೋಡಿದರೆ ಕುಕ್ಕೆ ಕಡೆಯಿಂದ ಕುಮಾರ ಪರ್ವತ ನಿಮ್ಮ ಮಗನಿಗೆ ಬೇಡ. ಕುಕ್ಕೆ ಇರುವುದು ಘಟ್ಟದ ಕೆಳಗೆ, ಶಿಖರ 1712 ಮೀಟರ್. ಅಂದರೆ ಒಂದೇ ದಿನದಲ್ಲಿ ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ ಎತ್ತರ ಹತ್ತಿ, ಅಷ್ಟೇ ಇಳಿಯಬೇಕು. ಹೋಗಿ ಬರಲು 25 ಕಿಲೋಮೀಟರ್ ಆಸುಪಾಸು. ನಡುದಾರಿಯಲ್ಲಿ ಸಿಗುವ ಭಟ್ಟರ ಮನೆವರೆಗೆ ದಟ್ಟ ಕಾಡು, ತಂಪಾಗಿರುತ್ತದೆ. ಅಲ್ಲಿಂದ ಮೇಲೆ ಬೋಳು ಹುಲ್ಲುಗಾವಲು, ಬಿಸಿಲು ನೆತ್ತಿಗೇ ಹೊಡೆಯುತ್ತದೆ. ಕಲ್ಲು ಮಂಟಪ ದಾಟಿ ಶೇಷ ಪರ್ವತದ ಏರು ಬರುವ ಹೊತ್ತಿಗೆ ದೊಡ್ಡವರಿಗೇ ಮಂಡಿ ನಡುಗುತ್ತದೆ. ಇಳಿಯುವಾಗ ಇನ್ನೂ ಕಷ್ಟ.

ಕೊಡಗಿನ ಸೊಸೆ:

ಮೇಲಿನವರು ಹೇಳಿದ್ದು ಸರಿ, ಆದರೆ ಕುಮಾರ ಪರ್ವತಕ್ಕೆ ಸೋಮವಾರಪೇಟೆ ಕಡೆಯಿಂದ ಬೀಡಳ್ಳಿ ಹಾದಿ ಒಂದಿದೆ ಅಲ್ವಾ, ಅದನ್ನು ಬಿಟ್ಟರು. ಅದು ಕುಕ್ಕೆ ಹಾದಿಯ ಅರ್ಧದಷ್ಟು. ಘಟ್ಟದ ಮೇಲಿಂದಲೇ ಶುರುವಾಗುವುದರಿಂದ ಏರು ಕಡಿಮೆ, ಹೆಚ್ಚು ದೂರ ಮರದ ನೆರಳಿನಲ್ಲೇ ನಡೆಯಬಹುದು. ತುದಿಯ ಹತ್ತಿರ ಮಾತ್ರ ಬಂಡೆ ಹತ್ತಬೇಕು, ಒದ್ದೆ ಇದ್ದರೆ ಜಾರುತ್ತದೆ. ಕಾಡು ಬೇಕು ಅನ್ನುವವರಿಗೆ ಕುಕ್ಕೆಗಿಂತ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಸ್ ಸೌಕರ್ಯ ಕಡಿಮೆ, ಸೋಮವಾರಪೇಟೆಯಿಂದ ಜೀಪ್ ಮಾಡಿಕೊಳ್ಳಬೇಕಾಗುತ್ತದೆ.

ತಡಿಯಂಡಮೋಳ್ 1748 ಮೀಟರ್, ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರ. ಕಕ್ಕಬ್ಬೆ ಹತ್ತಿರ ನಾಲ್ಕುನಾಡು ಅರಮನೆಯಿಂದ ನಡೆಯಬಹುದು. ಮಗನಿಗೆ ಸುಲಭ, ಆದರೆ ಅಲ್ಲೂ ಟೆಂಟ್ ಇಲ್ಲ.

ಕಳಸದ ಕಡೆಯವ:

ನಮ್ಮೂರು ಸಂಸೆಯ ಪಕ್ಕದಲ್ಲೇ. ಡಿಸೆಂಬರ್‌ನಲ್ಲಿ, ಮೂರು ದಿನದಲ್ಲಿ, ಬಸ್ಸಿನಲ್ಲಿ ಬರುವವರಿಗೆ ಕುದುರೆಮುಖ ಅಂತಲೇ ಹೇಳುತ್ತೇನೆ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ, ಕಾರಣ ಹೇಳುತ್ತೇನೆ ಕೇಳಿ.

ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಕಳಸ. ಅಲ್ಲಿಂದ ಸಂಸೆ, ಬಾಳೆಗಲ್ ದಾಟಿ ಜೀಪಿನಲ್ಲಿ ಮುಳ್ಳೋಡಿ. ಆ ರಸ್ತೆ ಜೀಪಿಗೆ ಮಾತ್ರ, ಬೇರೆ ಗಾಡಿ ತಂದವರು ನಡುದಾರಿಯಲ್ಲಿ ನಿಲ್ಲಿಸಿ ತಳ್ಳುವುದನ್ನು ಪ್ರತಿ ವಾರ ನೋಡುತ್ತೇವೆ. ಮುಳ್ಳೋಡಿ ಸುತ್ತಮುತ್ತ ಮನೆಗಳಲ್ಲೇ ಉಳಿಸಿಕೊಳ್ಳುತ್ತಾರೆ, ಬಿಸಿನೀರು ಸೌದೆ ಒಲೆಯದ್ದು, ಊಟ ಅವರು ಏನು ಉಣ್ಣುತ್ತಾರೋ ಅದೇ. ಬಂದ ದಿನ ಸುಮ್ನೆ ತೋಟ, ಹಳ್ಳ ಸುತ್ತಾಡಿ ಬೇಗ ಮಲಗಿ. ಮರುದಿನ ಬೆಳಿಗ್ಗೆ ಗೇಟ್ ತೆರೆಯುತ್ತಲೇ ಹೊರಡಿ. ಹೋಗಿ ಬರಲು 20 ಕಿಲೋಮೀಟರ್ ಹತ್ತಿರ ಹತ್ತಿರ ಆಗುತ್ತದೆ, ಆದರೆ ಏರು ಕುಕ್ಕೆಯ ಹಾಗೆ ಒಂದೇ ಸಮ ಇಲ್ಲ. ಗುಡ್ಡದ ಮಗ್ಗುಲಲ್ಲೇ ಹಾದಿ ಸಾಗುತ್ತದೆ, ಒಂಟಿ ಮರ ಸಿಗುತ್ತದೆ, ಆಮೇಲೆ ಹುಲ್ಲುಗಾವಲು. ಸಂಜೆಯೊಳಗೆ ಕೆಳಗೆ ಇರಲೇಬೇಕು.

ನಿಮಗೆ ಕಾಡು ಬೇಕು ಅಂದಿರಲ್ಲ, ಅದಕ್ಕೆ ಒಂದು ವಿಷಯ ಹೇಳುತ್ತೇನೆ. ಇಲ್ಲಿ ಕಾಡು ಬೆಟ್ಟದ ಮೇಲೆಲ್ಲ ಹಬ್ಬಿಲ್ಲ. ಗುಡ್ಡದ ಬೆನ್ನಿನ ಮೇಲೆ ಹುಲ್ಲು, ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಶೋಲಾ ಕಾಡು. ಬಿಸಿಲಿನಲ್ಲಿ ನಡೆಯುತ್ತಿದ್ದವರು ಹತ್ತು ಹೆಜ್ಜೆ ಇಟ್ಟರೆ ಕತ್ತಲು, ತಂಪು, ಮರದ ಕಾಂಡಕ್ಕೆಲ್ಲ ಪಾಚಿ, ಕಾಲ ಕೆಳಗೆ ನೀರು. ಮಳೆಗಾಲದಲ್ಲಿ ಹುಲ್ಲು ಹೀರಿಕೊಂಡ ನೀರು ಈ ಮಡಿಕೆಗಳಲ್ಲಿ ಬೇಸಿಗೆವರೆಗೂ ಜಿನುಗುತ್ತದೆ. ಡಿಸೆಂಬರ್‌ನಲ್ಲಿ ಎಲ್ಲ ಹಳ್ಳದಲ್ಲೂ ನೀರು ಇರುತ್ತದೆ. ಇಂಬಳ ಆ ಹೊತ್ತಿಗೆ ಬಹಳ ಕಡಿಮೆ, ಶೋಲಾ ಒಳಗೆ ಒದ್ದೆ ಎಲೆ ಮೇಲೆ ಕೂರದಿದ್ದರೆ ಸಾಕು. ಹತ್ತಿದರೆ ಉಪ್ಪು ಮುಟ್ಟಿಸಿ, ಬಿದ್ದುಹೋಗುತ್ತದೆ.

ಮೂರನೇ ದಿನ ಕಾಲಲ್ಲಿ ಶಕ್ತಿ ಇದ್ದರೆ ನೇತ್ರಾವತಿ ಮಾಡಬಹುದು, ಕುದುರೆಮುಖಕ್ಕಿಂತ ಕಡಿಮೆ ನಡಿಗೆ. ಅದಕ್ಕೆ ಬೇರೆ ಟಿಕೆಟ್. ಇಲ್ಲದಿದ್ದರೆ ಕಳಸೇಶ್ವರನ ದರ್ಶನ ಮಾಡಿ ರಾತ್ರಿ ಬಸ್ ಹಿಡಿಯಿರಿ.

ದೇವದಾರು:

ಟೆಂಟ್ ಆಸೆ ಬಿಡಬೇಡಿ, ಮುಂದಕ್ಕೆ ಹಾಕಿ. ಚೀಲ ಹೊತ್ತು ದಿನಗಟ್ಟಲೆ ನಡೆದು, ದಿನಾ ಹೊಸ ಜಾಗದಲ್ಲಿ ಮಲಗುವ ಚಾರಣ ಬೇಕು ಅಂದರೆ ಉತ್ತರಾಖಂಡಕ್ಕೆ ಹೋಗಬೇಕು. ಮಗನಿಗೆ ಬೇಸಿಗೆ ರಜೆ ಬಂದಾಗ ಹರ್ ಕಿ ದೂನ್ ಕಣಿವೆ ನೋಡಿ. ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಇಡೀ ದಿನದ ಪ್ರಯಾಣ. ಅಲ್ಲಿಂದ ನದಿಯ ಪಕ್ಕದಲ್ಲೇ, ದೇವದಾರು, ಪೈನ್, ವಾಲ್‌ನಟ್ ಮರಗಳ ನಡುವೆ ನಿಧಾನವಾಗಿ ಏರುತ್ತ ಹೋಗುತ್ತೀರಿ. ಓಸ್ಲಾದಂಥ ಹಳ್ಳಿಗಳಲ್ಲಿ ಮರದ ಮನೆ, ಮರದ ದೇವಸ್ಥಾನ. ಕಣಿವೆಯ ಮೇಲ್ತುದಿ 3,500 ಮೀಟರ್ ದಾಟುತ್ತದೆ, ಹಾಗಾಗಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಬೇಕು, ಅವಸರ ಮಾಡಿದರೆ ತಲೆನೋವು, ವಾಂತಿ ಶುರುವಾಗುತ್ತದೆ. ಪ್ರಯಾಣ ಸೇರಿ ಹತ್ತು ದಿನ ಇಟ್ಟುಕೊಳ್ಳಿ.

ಅಲ್ಲೂ ಎಲ್ಲೆಂದರಲ್ಲಿ ಟೆಂಟ್ ಹಾಕಬಹುದು ಅಂದುಕೊಳ್ಳಬೇಡಿ. ಬುಗ್ಯಾಲ್ ಅಂತ ಎತ್ತರದ ಹುಲ್ಲುಗಾವಲುಗಳಿವೆ, ಅಲ್ಲಿ ರಾತ್ರಿ ತಂಗುವುದನ್ನು 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ನಿಷೇಧಿಸಿತು. ಟೆಂಟ್ ಅಡಿ ಹುಲ್ಲು ಸತ್ತು ಮಣ್ಣು ಕೊಚ್ಚಿ ಹೋಗುತ್ತಿತ್ತು, ಕಸ ಬೇರೆ. ಪ್ಯಾಕೇಜ್ ಮಾರುವವರು ಬುಗ್ಯಾಲ್ ಮಧ್ಯೆ ಟೆಂಟ್ ಇರುವ ಫೋಟೋ ತೋರಿಸಿದರೆ ಅವರ ಜೊತೆ ಹೋಗಬೇಡಿ.

ಕಾಡುಮಲ್ಲಿಗೆ:

ಎಲ್ಲರಿಗೂ ತುಂಬಾ ಧನ್ಯವಾದ. ಓದಿದ ಮೇಲೆ ಕುದುರೆಮುಖ ಅಂತ ಮನಸ್ಸು ವಾಲಿದೆ, ಹರ್ ಕಿ ದೂನ್ ಮೇ ತಿಂಗಳಿಗೆ ಇಟ್ಟುಕೊಂಡಿದ್ದೇವೆ. ಇನ್ನೊಂದು ಸಂದೇಹ. ಸಕಲೇಶಪುರ, ಚಿಕ್ಕಮಗಳೂರು ಕಡೆ ಕಾಫಿ ತೋಟದಲ್ಲಿ ಟೆಂಟ್ ಕೊಡುತ್ತಾರಂತೆ. ಮಗನನ್ನು ಒಪ್ಪಿಸಲು ಒಂದು ರಾತ್ರಿ ಅಲ್ಲಿ ಹಾಕಿದರೆ ಹೇಗೆ? ಆನೆ ಭಯ ಇದೆಯಾ?

ಕಳಸದ ಕಡೆಯವ:

ಸಕಲೇಶಪುರ, ಆಲೂರು ಕಡೆ ಟೆಂಟ್ ಬೇಡವೇ ಬೇಡ. ಅಲ್ಲಿ ಕಾಡಾನೆ ತೋಟದೊಳಗೇ ಓಡಾಡುತ್ತವೆ, ರಾತ್ರಿ ಮನೆಯವರೇ ಅಂಗಳ ಇಳಿಯುವುದಿಲ್ಲ. ಆನೆಗೆ ಟೆಂಟ್ ಬಟ್ಟೆ ಯಾವ ಲೆಕ್ಕ.

ಅದರ ಬದಲು ಮುಳ್ಳೋಡಿಯಲ್ಲಿ ನೀವು ಉಳಿಯುವ ಮನೆಯವರನ್ನೇ ಕೇಳಿ, ಅಂಗಳದಲ್ಲೋ ಗದ್ದೆ ಬದಿಯಲ್ಲೋ ಟೆಂಟ್ ಹಾಕಲು ಬಿಡುವವರಿದ್ದಾರೆ. ಸ್ವಂತ ಜಾಗ, ಪಕ್ಕದಲ್ಲೇ ಮನೆ, ಮಗನ ಆಸೆಯೂ ತೀರುತ್ತದೆ. ಫೋನಿನಲ್ಲಿ ಎರಡು ವಿಷಯ ಕೇಳಿಕೊಳ್ಳಿ: ಅವತ್ತು ಬೇರೆ ಗುಂಪು ಎಷ್ಟಿದೆ, ರಾತ್ರಿ ಹಾಡು ಹಾಕುತ್ತಾರಾ. ಡಿಸೆಂಬರ್ ಕೊನೆ ಅಲ್ವಾ, ಕೆಲವು ಕಡೆ ಮಧ್ಯರಾತ್ರಿ ದಾಟಿದರೂ ಸ್ಪೀಕರ್ ನಿಲ್ಲಿಸುವುದಿಲ್ಲ. ಅಂಥ ಜಾಗಕ್ಕೆ ಕಾಡು ನೋಡಲು ಬರುವವರು ಹೋಗಬಾರದು, ಸುತ್ತಲಿನ ಪ್ರಾಣಿಗಳಿಗೂ ಅದರಿಂದ ಹಿಂಸೆ.

ಟೆಂಟನ್ನು ತಗ್ಗಿನಲ್ಲಿ ಹಾಕಬೇಡಿ, ರಾತ್ರಿ ತಣ್ಣನೆ ಗಾಳಿ ಅಲ್ಲಿಗೇ ಇಳಿಯುತ್ತದೆ. ಒಣ ಕೊಂಬೆ ಇರುವ ಮರದ ಅಡಿಯೂ ಬೇಡ. ಇಬ್ಬನಿ ಎಷ್ಟು ಬೀಳುತ್ತದೆ ಅಂದರೆ ಬೆಳಿಗ್ಗೆ ಹೊರಗಿನ ಬಟ್ಟೆಯನ್ನು ಹಿಂಡಬಹುದು. ಒಳಗೂ ಉಸಿರಿನ ಹನಿ ಕಟ್ಟುತ್ತದೆ, ಅದಕ್ಕೆ ಜಿಪ್ ಪೂರ್ತಿ ಮುಚ್ಚದೆ ಮೇಲೆ ಸ್ವಲ್ಪ ಗಾಳಿಯಾಡಲು ಬಿಡಿ. ಅಡಿಗೆ ದಪ್ಪ ಚಾಪೆ ಬೇಕು, ಚಳಿ ಜಾಸ್ತಿ ಬರುವುದು ನೆಲದಿಂದ. ತಿಂಡಿ ಪೊಟ್ಟಣ ಟೆಂಟ್ ಒಳಗೆ ಇಡಬೇಡಿ, ಇರುವೆ, ಇಲಿ, ನಾಯಿ ಎಲ್ಲ ಹುಡುಕಿಕೊಂಡು ಬರುತ್ತವೆ.

ಬೆಟ್ಟ ಹತ್ತುವ ದಿನ ಟೆಂಟ್, ಹಾಸಿಗೆ ಎಲ್ಲ ಮನೆಯಲ್ಲೇ ಬಿಟ್ಟು ಹೋಗಿ. ತಲಾ ಎರಡು ಲೀಟರ್ ನೀರು, ಬುತ್ತಿ, ಮಳೆ ಅಂಗಿ, ಟಾರ್ಚ್ ಇಷ್ಟೇ ಸಾಕು. ಗುರುತಿನ ಚೀಟಿ ಎಲ್ಲರದೂ ಇರಲಿ, ಮಗನದೂ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತರಬೇಡಿ, ಗೇಟಿನಲ್ಲಿ ಚೀಲ ತೆಗೆಸಿ ನೋಡುತ್ತಾರೆ. ಟಿಕೆಟ್ ಸಿಕ್ಕಿದ ಕೂಡಲೇ ಇಲ್ಲಿ ಒಂದು ಮಾತು ಹಾಕಿ, ಜೀಪಿನವರ ವಿಷಯ ಆಗ ಹೇಳುತ್ತೇನೆ.