ಮೊದಲ ಸಲ ಜಾಝ್ ಕೇಳೋಕೆ ಹೋಗ್ತಿದ್ದೇನೆ, ಎಲ್ಲಿ ಚಪ್ಪಾಳೆ ಹೊಡೆಯೋದು?

ತಾಳತಪ್ಪಿದವ:
ಏಪ್ರಿಲ್ 30 ಜಾಝ್ ದಿನವಂತೆ. ಅವತ್ತು ಸಂಜೆ ಇಂದಿರಾನಗರದ ಒಂದು ಟೆರೇಸಿನಲ್ಲಿ ನಮ್ಮ ಬೆಂಗಳೂರಿನವರೇ ನಾಲ್ಕು ಜನ ನುಡಿಸುತ್ತಾರೆ, ಬಾ ಅಂತ ಆಫೀಸಿನ ಗೆಳತಿ ಕರೆದಿದ್ದಾಳೆ. ಸ್ಯಾಕ್ಸೋಫೋನ್, ಕೀಬೋರ್ಡ್, ಡಬಲ್ ಬೇಸ್ (ನಿಂತು ನುಡಿಸುವ ದೊಡ್ಡ ತಂತಿವಾದ್ಯ), ಡ್ರಮ್ಸ್. ನನಗೆ ಬೇಸಿಗೆ ಸಂಜೆಯ ಸಂಗೀತ ಅಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿ, ಅಷ್ಟೇ. ಅಲ್ಲಿ ತನಿ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಮುಗಿದಾಗ ಕೈ ತಾನಾಗಿ ಮೇಲೇಳುತ್ತದೆ. ಯೂಟ್ಯೂಬಿನಲ್ಲಿ ಜಾಝ್ ಹಾಕಿ ನೋಡಿದೆ, ಮೊದಲ ಒಂದು ನಿಮಿಷ ಚೆನ್ನಾಗಿತ್ತು, ಆಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದ ಹಾಗಾಯ್ತು. ಕೇಳುವ ದಾರಿ ಹೇಳಿ. ಸುಮ್ನೆ ತಲೆ ಆಡಿಸಿಕೊಂಡು ಕೂರೋಕೆ ಇಷ್ಟ ಇಲ್ಲ.

ಹಳೇ ಮೃದಂಗ:
ಆ ಮೊದಲ ಒಂದು ನಿಮಿಷವೇ ಬೀಗದ ಕೈ. ಅದಕ್ಕೆ ಅವರು 'ಹೆಡ್' ಅನ್ನುತ್ತಾರೆ, ಹಾಡಿನ ಮೂಲ ಧಾಟಿ. ಅದು ಮುಗಿದ ಮೇಲೆ ಸೋಲೋ ನುಡಿಸುವವರು, ಅಂದರೆ ಸರದಿಯಂತೆ ಒಬ್ಬೊಬ್ಬರಾಗಿ ಮನೋಧರ್ಮ ತೋರಿಸುವವರು, ಧಾಟಿ ಬಿಡುತ್ತಾರೆ, ಆದರೆ ಅದರ ಉದ್ದವನ್ನು, ಒಳಗಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು) ಬಿಡುವುದಿಲ್ಲ. ಅದೇ ಸುತ್ತು ಮತ್ತೆ ಮತ್ತೆ ಬರುತ್ತಿರುತ್ತದೆ. ಆದಿತಾಳ ಹಾಕೋಕೆ ಬರುತ್ತದೆ ಅಲ್ವಾ? ಬ್ಲೂಸ್ ಅನ್ನೋ ಬಗೆಯ ಹಾಡಿನ ಸುತ್ತು ಸಾಮಾನ್ಯವಾಗಿ 12 ಬಾರ್ (ತಾಳದ ಸಣ್ಣ ತುಂಡು), ಒಂದೊಂದಕ್ಕೆ 4 ಎಣಿಕೆ, ಒಟ್ಟು 48. ಅಂದರೆ 8 ಎಣಿಕೆಯ ಆದಿತಾಳದ ಸರಿಯಾಗಿ 6 ಆವರ್ತನ! ಹಳೇ ಹಾಡುಗಳಲ್ಲಿ ಬಹಳಷ್ಟು 32 ಬಾರಿನವು, ಅದು 16 ಆವರ್ತನ. ತೊಡೆ ಮೇಲೆ ತಾಳ ಹಾಕಿಕೊಂಡು ಕೂತರೆ ಅವರು ಎಲ್ಲಿದ್ದಾರೆ ಅಂತ ಗೊತ್ತಾಗುತ್ತದೆ, ಸುತ್ತು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಡ್ರಮ್ಮರ್ ಒಂದು ಏಟು ಜಾಸ್ತಿ ಹೊಡೆಯೋದೂ ಕೇಳಿಸುತ್ತದೆ.

ಕೊನೆ ಕೊನೆಗೆ ಸ್ಯಾಕ್ಸ್ 4 ಬಾರ್, ಡ್ರಮ್ 4 ಬಾರ್ ಅಂತ ಬದಲಾಯಿಸಿಕೊಂಡು ನುಡಿಸುತ್ತಾರೆ. ಮೃದಂಗ ಘಟದ ಸವಾಲು ಜವಾಬು ಕೇಳಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಚಪ್ಪಾಳೆ ಪ್ರತಿ ಸೋಲೋ ಮುಗಿದಾಗ. ಹಾಡು ಮುಗಿಯೋವರೆಗೆ ಕಾಯಬೇಡಿ.

ಬೇಸ್‌ಮೆಂಟ್:
ಹಳೇ ಮೃದಂಗ ಸರ್ ಹೇಳಿದ್ದು ಸರಿ, ಆದರೆ ಎಲ್ಲವನ್ನೂ ಕರ್ನಾಟಕ ಸಂಗೀತದ ಅಳತೆಯಲ್ಲಿ ಅಳೆಯೋಕೆ ಹೋದರೆ ಮುಖ್ಯವಾದದ್ದೇ ತಪ್ಪಿ ಹೋಗುತ್ತದೆ. ನಮ್ಮಲ್ಲಿ ಶ್ರುತಿ ಒಂದೇ ಕಡೆ ನಿಂತಿರುತ್ತದೆ, ತಂಬೂರಿ ಕದಲುವುದಿಲ್ಲ. ಇಲ್ಲಿ ಕಾರ್ಡ್ ಬದಲಾದ ಹಾಗೆ ಕಾಲ ಕೆಳಗಿನ ನೆಲವೇ ಸರಿಯುತ್ತಿರುತ್ತದೆ, ಅದೇ ಸ್ವರ ಮುಂದಿನ ಬಾರಿನಲ್ಲಿ ಬೇರೆ ಬಣ್ಣ ಹಾಕಿಕೊಂಡು ನಿಲ್ಲುತ್ತದೆ. ಆ ನೆಲ ಸರಿಸುವವರು ಬೇಸ್‌ನವರು. ಎಲ್ಲರೂ ಸ್ಯಾಕ್ಸ್ ಹಿಂದೆ ಓಡುತ್ತಾರೆ, ನೀವು ಬೇಸ್ ಹಿಡಿದುಕೊಳ್ಳಿ. ಇನ್ನೊಂದು, ಬಯಲಲ್ಲಿ ರಾತ್ರಿ 10ಕ್ಕೆ ಮೈಕ್ ಬಂದ್ ಮಾಡಬೇಕು, ಹಾಗಾಗಿ ಬೇಗ ಶುರುವಾಗುತ್ತದೆ. ತಡವಾಗಿ ಹೋಗಬೇಡಿ.

ಕರಾವಳಿ ಗಾಳಿ:
ಎರಡೂ ಕಡೆಯವರು ಕೂತು ನುಡಿಸಿದ್ದೂ ಇದೆಯಲ್ಲ. ನಮ್ಮ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಮರುಳಾದವರು. ಅದರಲ್ಲಿ ಗಮಕ ತಂದರು. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರ ಜೊತೆ ಒಂದು ಆಲ್ಬಂ ಬಂತು. ಅದಕ್ಕೂ ಮೊದಲೇ, 1983ರಲ್ಲಿ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೊ ಜೊತೆ ರೆಕಾರ್ಡ್ ಮಾಡಿದ್ದರು. ರಮಾಮಣಿಯವರ ದನಿ, ಪಕ್ಕದಲ್ಲಿ ಸ್ಯಾಕ್ಸ್. 30ರ ಒಳಗೆ ಅದನ್ನು ಒಮ್ಮೆ ಕೇಳಿ, ಮೇಲಿನ ಇಬ್ಬರ ಜಗಳ ತನ್ನಷ್ಟಕ್ಕೆ ಮುಗಿಯುತ್ತದೆ 😄

ತಾಳತಪ್ಪಿದವ:
ಹೋಗಿ ಬಂದೆ. ಮೊದಲ ಅರ್ಧ ಗಂಟೆ ನಿಜ ಹೇಳಬೇಕೆಂದರೆ ಏನೂ ಹತ್ತಲಿಲ್ಲ, ಪಕ್ಕದ ಟೇಬಲಿನವರ ಸೈಟ್ ವ್ಯವಹಾರ ಸ್ಯಾಕ್ಸಿಗಿಂತ ಜೋರಾಗಿತ್ತು, 6 ಆವರ್ತನ ಎಣಿಸೋಕೆ ಹೋಗಿ ನಾಲ್ಕನೆಯದರಲ್ಲೇ ಕಳೆದುಹೋದೆ. ಏಳೂವರೆಗೆ ಮಳೆ! ಏಪ್ರಿಲ್ ಮಳೆ ಗೊತ್ತಲ್ಲ, ಮೊದಲು ಧೂಳು, ಆಮೇಲೆ ದಪ್ಪ ದಪ್ಪ ಹನಿ. ವೈರೆಲ್ಲ ಕಿತ್ತು, ಆ ಆಳೆತ್ತರದ ಬೇಸನ್ನು ಇಬ್ಬರು ತಬ್ಬಿಕೊಂಡು ಮೆಟ್ಟಿಲ ಹತ್ತಿರದ ಹಾಲಿಗೆ ಸಾಗಿಸಿದರು. ಕರೆಂಟೂ ಹೋಯ್ತು. ಕೀಬೋರ್ಡಿನವರು ಪಾಪ ಕೈಕಟ್ಟಿ ಕೂತರು. ಉಳಿದ ಮೂವರು ಮೈಕಿಲ್ಲದೆ ಶುರುಮಾಡಿದರು, ಡ್ರಮ್ಮರ್ ಬರೀ ಒಂದು ಸ್ನೇರ್ (ಚಿಕ್ಕ ಡ್ರಮ್) ಇಟ್ಟುಕೊಂಡು ಬ್ರಷ್‌ನಲ್ಲಿ ಸವರುತ್ತಿದ್ದರು. ಸೈಟ್ ವ್ಯವಹಾರದವರೂ ಬಾಯಿ ಮುಚ್ಚಿದರು. ನಾನು ಬೇಸ್‌ನಿಂದ ಮೂರಡಿ ದೂರದಲ್ಲಿದ್ದೆ. ತಂತಿ ಮರಕ್ಕೆ ತಾಗುವ ಸದ್ದೂ ಕೇಳುತ್ತಿತ್ತು. ನೆಲ ಸರಿಯೋದು ಅಂದರೇನು ಅಂತ ಆಗ ಗೊತ್ತಾಯ್ತು. ಒಂದು ಬ್ಲೂಸ್ ಪೂರ್ತಿ ಎಣಿಸಿದೆ, ಆರಕ್ಕೆ ಸರಿಯಾಗಿ ಕೂತಿತು!

ಒಂದು ಅನುಮಾನ: ಬೇಸ್ ಸೋಲೋ ಬಂದಾಗ ಡ್ರಮ್ಮರ್ ಹೆಚ್ಚುಕಡಿಮೆ ಕೈಬಿಟ್ಟು ಕೂತರು. ಮರೆತರಾ?

ಬೇಸ್‌ಮೆಂಟ್:
ಮರೆತಿಲ್ಲ. ಬೇಸ್ ದನಿ ಸಣ್ಣದು, ಅದು ಮುಚ್ಚಿ ಹೋಗಬಾರದು ಅಂತ ಜಾಗ ಬಿಡುತ್ತಾರೆ. ಮುಂದಿನ ಸಲ ಆಗ ಅವರ ಎಡಗಾಲು ನೋಡಿ. ಕಾಲಿನಲ್ಲಿ ಒತ್ತುವ ಜೋಡಿ ತಾಳ, ಹೈ-ಹ್ಯಾಟ್, 2 ಮತ್ತು 4ನೇ ಎಣಿಕೆಗೆ ಮೆಲ್ಲಗೆ ಬೀಳುತ್ತಲೇ ಇರುತ್ತದೆ.

ತಾಳತಪ್ಪಿದವ:
ಹೈ-ಹ್ಯಾಟ್ ಟೆರೇಸಲ್ಲೇ ನೆನೀತಿತ್ತು ಸರ್.