ಅಶೋಕ ಚಕ್ರದ ಮೇಲೆ ಕಿರೀಟ ಇರೋ ಮೆಡಲ್: ಅಸಲಿಯೋ ನಕಲಿಯೋ?

ಹಳೇಪೇಟೆ_ದಾವಣಗೆರೆ:
ಅಜ್ಜನ ಮೂರು ಮೆಡಲ್ ಇವೆ. ಒಂದು ದುಂಡನೆಯದು, ಅಶೋಕ ಚಕ್ರದ ಮೇಲೆ ಕಿರೀಟ, ಸುತ್ತ ಜಾರ್ಜ್ ಹೆಸರು. ಇನ್ನೊಂದರಲ್ಲಿ ನೆಟ್ಟಗೆ ನಿಂತ ಕತ್ತಿ. ಮೂರನೇದು ಆರು ಮೂಲೆಯ ನಕ್ಷತ್ರ, 'ದಿ ಬರ್ಮಾ ಸ್ಟಾರ್' ಅಂತಿದೆ. ಚಕ್ರ, ಕಿರೀಟ ಎರಡೂ ಇರೋದು ನಕಲಿ ಅಂತಾರೆ, ನಿಜಾನಾ? ಫ್ರೇಮ್ ಹಾಕಿಸೋ ಮುಂಚೆ ಹುಣಸೆಹುಳಿ ಹಚ್ಚಿ ಬೆಳಗಬಹುದಾ?

ಏಳುಸುತ್ತಿನಕೋಟೆ:
ಹುಣಸೆಹುಳಿ ಹತ್ತಿರವೂ ತರಬೇಡಿ ಸರ್, ಅದು ಆಮೇಲೆ. ಕಿರೀಟ ಇದ್ದ ಮಾತ್ರಕ್ಕೆ ನಕಲಿ ಆಗಲ್ಲ. ಅದು 1947ರ ಭಾರತ ಸ್ವಾತಂತ್ರ್ಯ ಪದಕ. 1950ರ ಜನವರಿ 26ರವರೆಗೆ ದೇಶ ಡೊಮಿನಿಯನ್, ಅಂದರೆ ಆಡಳಿತ ನಮ್ಮದೇ ಆದರೂ ಬ್ರಿಟಿಷ್ ರಾಜನೇ ಮುಖ್ಯಸ್ಥ; ಆಗಿನ ರಾಜ ಆರನೇ ಜಾರ್ಜ್. ಅದಕ್ಕೇ ಒಂದು ಬದಿ ಕಿರೀಟ, ಇನ್ನೊಂದು ಬದಿ ಅಶೋಕ ಸ್ತಂಭದ ಸಿಂಹಗಳು. ಆ ಎರಡೂವರೆ ವರ್ಷದ ಇಕ್ಕಟ್ಟನ್ನು ಇಷ್ಟು ಚೆನ್ನಾಗಿ ತೋರಿಸೋ ವಸ್ತು ಇನ್ನೊಂದಿಲ್ಲ. ರಿಬ್ಬನ್ ಕೇಸರಿ, ಬಿಳಿ, ಹಸಿರು, ಮೂರೂ ಸಮ ಅಗಲ.

ಕತ್ತಿ ಇರೋದು ಜನರಲ್ ಸರ್ವಿಸ್ ಮೆಡಲ್ 1947. ಅದು ಭವಾನಿ ಖಡ್ಗ. ಹಿಂದೆ ಕಮಲ, ಮೊಗ್ಗು. ಕೆಂಪು ರಿಬ್ಬನ್ ಮೇಲೆ ಐದು ಸಣ್ಣ ಹಸಿರು ಗೆರೆ. ರಿಬ್ಬನ್ ಮೇಲೆ 'ಜಮ್ಮು ಅಂಡ್ ಕಾಶ್ಮೀರ್' ಅಂತ ಲೋಹದ ಅಡ್ಡಪಟ್ಟಿ ಇದೆಯಾ ನೋಡಿ, ಯಾವ ಕಾರ್ಯಾಚರಣೆಗೆ ಕೊಟ್ಟದ್ದು ಅಂತ ಅದು ಹೇಳುತ್ತೆ.

ದುಂಡನೆಯ ಎರಡರ ಅಂಚನ್ನೂ ಲೆನ್ಸ್ ಹಿಡಿದು ಓದಿ. ಸೇನಾ ನಂಬರು, ಹುದ್ದೆ, ಹೆಸರು, ಘಟಕ ಅಲ್ಲಿರುತ್ತೆ. ನಕ್ಷತ್ರಕ್ಕಾದರೆ (ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಸೇವೆಗೆ ಕೊಟ್ಟದ್ದು) ಬೆನ್ನ ಮೇಲೆ. ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೇ ಕೊಟ್ಟಿತ್ತು, ಭಾರತೀಯರಿಗೆ ಹೆಸರು ಒತ್ತಿಸಿ ಕೊಟ್ಟರು.

ರಿಬ್ಬನ್_ಮಾಸ್ತರ:
ಹುಳಿ ಹಚ್ಚಿದರೆ ಆಗೋದಿಷ್ಟು: ನಕ್ಷತ್ರ ತಾಮ್ರ, ಸತುವಿನ ಮಿಶ್ರಲೋಹ, ಹುಳಿ ಸತುವನ್ನು ತಿನ್ನುತ್ತೆ, ಅಲ್ಲಲ್ಲಿ ಗುಲಾಬಿ ಕಲೆ ಬೀಳುತ್ತೆ. ದುಂಡನೆಯವು ತಾಮ್ರ, ನಿಕ್ಕಲ್. ಪಾತ್ರೆ ಬೆಳಗೋ ಪುಡಿಯಿಂದ ತಿಕ್ಕಿದರೆ ಮೊದಲು ಸವೆಯೋದೇ ಅಂಚಿನ ಅಕ್ಷರ. ಅದು ಹೋದರೆ ಮೆಡಲ್ ಯಾರದಾದರೂ ಆಗಬಹುದು.

ರಿಬ್ಬನ್ ಬಿಚ್ಚಿಟ್ಟು, ಡಿಸ್ಟಿಲ್ಡ್ ವಾಟರ್‌ಗೆ ಒಂದು ತೊಟ್ಟು ಬೇಬಿ ಶಾಂಪೂ ಹಾಕಿ, ಮೆತ್ತನೆ ಬ್ರಷ್‌ನಿಂದ ಸವರಿ, ಬರೀ ನೀರಲ್ಲಿ ತೊಳೆದು ಹತ್ತಿ ಬಟ್ಟೆಯಲ್ಲಿ ಒರೆಸಿ. ಕಂದು ಬಣ್ಣ ಹೋಗದಿದ್ದರೆ ಇರಲಿ ಬಿಡಿ. ಹಸಿರು ಪುಡಿ ಕಂಡರೆ ಬಿದಿರುಕಡ್ಡಿಯಲ್ಲಿ ಕೆರೆಯಿರಿ, ಬ್ಲೇಡ್ ಬೇಡ. ಹೊಸ ರಿಬ್ಬನ್ 32 ಮಿ.ಮೀ. ಅಗಲದ್ದೇ ಬೇಕು, ಒಂದೊಂದಕ್ಕೆ 15 ಸೆಂ.ಮೀ. ಸಾಕು. ಬರ್ಮಾದ್ದು ನಡುವೆ ಅಗಲ ಕೆಂಪು, ಎರಡೂ ಕಡೆ ಕಡುನೀಲಿ, ನೀಲಿಯ ಮಧ್ಯೆ ಕಿತ್ತಳೆ ಗೆರೆ. ಹಳೇದನ್ನು ಎಸೀಬೇಡಿ, ಫ್ರೇಮಿನ ಹಿಂದೆ ಲಕೋಟೆಯಲ್ಲಿಡಿ.

ಹಳೇಪೇಟೆ_ದಾವಣಗೆರೆ:
ಅಂಚಲ್ಲಿ ನಂಬರು, ಹೆಸರು, ಕೊನೆಗೆ 'ಆರ್.ಐ.ಎ.ಎಸ್.ಸಿ.' ಇದೆ. ಫ್ರೇಮಲ್ಲಿ ಯಾವುದು ಮೊದಲು?

ಏಳುಸುತ್ತಿನಕೋಟೆ:
ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದರೆ ಸಾರಿಗೆ, ರೇಷನ್ ಸರಬರಾಜು. ನೋಡೋರ ಎಡದಿಂದ: ಖಡ್ಗದ್ದು, ಸ್ವಾತಂತ್ರ್ಯದ್ದು, ಕೊನೆಗೆ ಬರ್ಮಾ.

ಒಂದು ವಿಷಯ. 28 ದಿನ ಸೇವೆ ಮಾಡಿದವರಿಗೆಲ್ಲ ವಾರ್ ಮೆಡಲ್ 1939-45 ಸಿಗುತ್ತಿತ್ತು. ಬರ್ಮಾ ಸ್ಟಾರ್ ಇದ್ದವರಿಗೆ ಅದೂ ಇರಲೇಬೇಕು. ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ ಅದರ ಗುರುತು. ಫ್ರೇಮ್ ಹಾಕಿಸೋ ಮುಂಚೆ ಇನ್ನೊಮ್ಮೆ ಹುಡುಕಿ.